ಅಂಕೋರ್ ವಾಟ್: ನೀರಿನ ಆಧಾರದ ಮೇಲೆ ನಿಂತ ಶಿಲಾಮೇರು

ದೇಶದೇಶಗಳ ಪ್ರಾಚೀನ ಸ್ಥಾನಗಳನ್ನು ಕುರಿತು ತಿಂಗಳಿಗೊಂದರಂತೆ ವಾಚಕರಿಗೆ ನಿವೇದಿಸುತ್ತ ಬಂದಿರುವ ಈ ಪುಟದಲ್ಲಿ ಈ ಸಾರಿ ಕಾಂಬೋಡಿಯಾ ದೇಶದ ಅಂಕೋರ್ ವಾಟ್ ಎಂಬ ಮಹಾದೇವಾಲಯದ ವಿಚಾರವನ್ನು ಬರೆಯಬೇಕೆಂದಿದ್ದೇನೆ. ಮನುಷ್ಯರು ಭೂಮಿಯ ಮೇಲೆ ಕಟ್ಟಿರುವ ದೇವಾಲಯಗಳಲ್ಲಿ ಅತ್ಯಂತ ವಿಸ್ತಾರವಾದವುಗಳನ್ನು ಎಣಿಸುವಾಗ ಇದರ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. ಆ ದೇಶದ ಧ್ವಜದ ಮೇಲೆ ಇದರ ಶಿಖರಗಳು ಚಿತ್ರಿತವಾಗಿವೆ. ಪ್ರತಿವರ್ಷವೂ ನಾನಾ ದೇಶಗಳಿಂದ ಲಕ್ಷಾಂತರ ಜನರು ಇದನ್ನು ನೋಡಲು ಹೋಗುತ್ತಾರೆ. ಹೋದವರಲ್ಲಿ ಬಹುಮಂದಿ ಕಲ್ಲನ್ನು ನೋಡಿ, ಕೊಂಡಾಡಿ, ಹಿಂದಿರುಗುತ್ತಾರೆ. ಆದರೆ ಆ ಕಲ್ಲಿನ ರಾಶಿಯನ್ನು ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ಕುಸಿಯಗೊಡದೆ ಹಿಡಿದಿಟ್ಟಿರುವ ವಸ್ತು ಬೇರೊಂದುಂಟು. ಅದು ನೀರು. ಆ ನೀರಿನ ಕಥೆಯನ್ನು ಅರಿತ ಯಾತ್ರಿಕನಿಗೆ ಅಲ್ಲಿಯ ನೋಟವೂ ಬೇರೆಯಾಗುತ್ತದೆ, ಅಲ್ಲಿ ತಾನು ನಡೆದುಕೊಳ್ಳಬೇಕಾದ ರೀತಿಯೂ ತಿಳಿಯುತ್ತದೆ.

ಮೊದಲು ಹೆಸರಿನ ವಿಚಾರ. ಸಂಸ್ಕೃತದ ‘ನಗರ’ ಶಬ್ದವೇ ಖ್ಮೇರ್ ಜನರ ಬಾಯಲ್ಲಿ ‘ನೊಕೋರ್’ ಎಂದಾಗಿ, ಅನಂತರ ‘ಅಂಕೋರ್’ ಎಂದಾಯಿತು. ‘ವಾಟ್’ ಎಂದರೆ ಅವರ ಭಾಷೆಯಲ್ಲಿ ವಿಹಾರ. ಆವರಣವೆಂಬ ಅರ್ಥದ ‘ವಾಟ’ ಶಬ್ದಕ್ಕೆ ಅದು ಸಂಬಂಧಿಸಿದ್ದು. ಮಹಾಭಾರತದಲ್ಲಿ ಬರುವ ಕಾಂಬೋಜ ದೇಶವೇ ಈ ಕಾಂಬೋಡಿಯಾ ಎಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಆ ಕಾಂಬೋಜವು ಭರತಖಂಡದ ವಾಯವ್ಯ ದಿಕ್ಕಿನದು. ಇಲ್ಲಿಯ ಪ್ರಾಚೀನ ಶಾಸನವೊಂದರಲ್ಲಿ ಕಂಬು ಎಂಬ ಋಷಿಯಿಂದಲೂ ಮೇರಾ ಎಂಬ ಅಪ್ಸರೆಯಿಂದಲೂ ರಾಜವಂಶವು ಹುಟ್ಟಿತೆಂದು ಹೇಳಿದೆ. ಕಂಬುವಿನ ಸಂತತಿಯವರ ದೇಶವಾದ್ದರಿಂದ ‘ಕಂಬುಜ’. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತೊಡೆದುಹಾಕುವುದು ಒಳ್ಳೆಯದು. ಈ ದೇವಾಲಯವನ್ನು ಭಾರತೀಯರು ಹೋಗಿ ಕಟ್ಟಿದರೆಂಬ ಮಾತು ನಮ್ಮಲ್ಲಿ ಅಭಿಮಾನದಿಂದ ಹೇಳಲ್ಪಡುತ್ತದೆ. ಕಟ್ಟಿದವರು ಖ್ಮೇರರು, ಅರಸರೂ ಅವರೇ, ಶಿಲ್ಪಿಗಳೂ ಅವರೇ. ಭಾರತದಿಂದ ಅವರಿಗೆ ಬಂದದ್ದು ಸಂಸ್ಕೃತ, ಇತಿಹಾಸಪುರಾಣಗಳು, ಶಕವರ್ಷದ ಗಣನೆ, ದಕ್ಷಿಣದೇಶದ ಲಿಪಿ. ನಮ್ಮ ಕನ್ನಡ ಲಿಪಿಗೂ ಅವರ ಖ್ಮೇರ್ ಲಿಪಿಗೂ ಮೂಲವು ಒಂದೇ ಬ್ರಾಹ್ಮೀ. ಆದಕಾರಣ ದಾಯಾದ್ಯದ ಸಂತೋಷವು ನಮಗೆ ಸಲ್ಲುತ್ತದೆ. ಕರ್ತೃತ್ವದ ಕೀರ್ತಿಯು ಅವರಿಗೆ ಸಲ್ಲತಕ್ಕದ್ದು.

ಕ್ರಿ.ಶ. ೧೧೧೩ರಲ್ಲಿ ಪಟ್ಟವನ್ನೇರಿದ ಎರಡನೆಯ ಸೂರ್ಯವರ್ಮನು ಈ ದೇವಾಲಯವನ್ನು ವಿಷ್ಣುವಿಗೆ ಅರ್ಪಿಸಿ ಕಟ್ಟಿಸಿದನು. ನಮ್ಮ ಬೇಲೂರಿನಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು ೧೧೧೭ರಲ್ಲಿ. ಎಂದರೆ ಸಮುದ್ರದ ಈಚೆಗೂ ಆಚೆಗೂ ಇಬ್ಬರು ಅರಸರು ಒಂದೇ ಕಾಲದಲ್ಲಿ ಒಬ್ಬನೇ ದೇವರಿಗೆ ಆಲಯಗಳನ್ನು ಎತ್ತುತ್ತಿದ್ದರು. ಸೂರ್ಯವರ್ಮನು ಮೃತನಾದ ಮೇಲೆ ಅವನಿಗೆ ‘ಪರಮವಿಷ್ಣುಲೋಕ’ ಎಂಬ ಹೆಸರಾಯಿತು.

ಅಂಕೋರ್ ವಾಟ್ ಪಶ್ಚಿಮಾಭಿಮುಖವಾದದ್ದು. ಸುತ್ತಲೂ ಸುಮಾರು ೧೯೦ ಮೀಟರು ಅಗಲದ ಅಗಳು. ಅದರ ಸುತ್ತಳತೆ ೫ ಕಿಲೋಮೀಟರಿಗೂ ಹೆಚ್ಚು. ಒಳಗಿನ ಪ್ರಾಕಾರದ ಉದ್ದ ೧೦೨೪ ಮೀಟರು, ಅಗಲ ೮೦೨ ಮೀಟರು. ಪಶ್ಚಿಮದ ಕಲ್ಲುಹಾದಿಯಲ್ಲಿ ಅಗಳನ್ನು ದಾಟಿ, ಮಹಾದ್ವಾರವನ್ನು ಹೊಕ್ಕು, ಮತ್ತೊಂದು ನೀಳವಾದ ಹಾದಿಯಲ್ಲಿ ನಡೆದರೆ ಒಂದರ ಮೇಲೊಂದಾಗಿ ಏರಿದ ಮೂರು ಅಂತಸ್ತುಗಳೂ, ನಡುವೆ ಒಂದು ಮೂಲೆಗಳಲ್ಲಿ ನಾಲ್ಕು ಎಂಬಂತೆ ಐದು ಶಿಖರಗಳೂ ಕಾಣುತ್ತವೆ. ಮಧ್ಯಶಿಖರದ ಎತ್ತರ ನೆಲದಿಂದ ೬೫ ಮೀಟರು. ಐದು ಶಿಖರಗಳು ಮೇರುಪರ್ವತದ ಶೃಂಗಗಳು. ಸುತ್ತಲಿನ ಅಗಳು ಮಹಾಸಮುದ್ರ. ನಾವು ಪುರಾಣದಲ್ಲಿ ಕೇಳಿದ ಜಗತ್ತನ್ನು ಅವರು ಅಳೆದು ಕಲ್ಲಿನಲ್ಲಿಯೂ ನೀರಿನಲ್ಲಿಯೂ ಇಟ್ಟಿದ್ದಾರೆ.

ಕೆಳ ಅಂತಸ್ತಿನ ಮೊಗಸಾಲೆಗಳ ಗೋಡೆಗಳ ಮೇಲೆ ಉಬ್ಬುಚಿತ್ರಗಳಿವೆ. ಪಶ್ಚಿಮದಲ್ಲಿ ಕುರುಕ್ಷೇತ್ರದ ಯುದ್ಧ. ಅಲ್ಲಿ ಶರಶಯ್ಯೆಯಲ್ಲಿ ಮಲಗಿದ ಭೀಷ್ಮನನ್ನು ನಮ್ಮ ಮನೆಯ ಮಗುವೂ ಗುರುತಿಸಬಲ್ಲದು. ಅದೇ ಪಶ್ಚಿಮದ ಉತ್ತರಭಾಗದಲ್ಲಿ ಲಂಕಾಯುದ್ಧ. ದಕ್ಷಿಣದಲ್ಲಿ ಸೂರ್ಯವರ್ಮನ ಸೈನ್ಯದ ಮೆರವಣಿಗೆ. ಅದರ ಮುಂದೆ ಯಮಧರ್ಮನ ಸಭೆ, ೩೭ ಸ್ವರ್ಗಗಳು, ೩೨ ನರಕಗಳು. ಪೂರ್ವದಲ್ಲಿ ಸಮುದ್ರಮಥನ. ಸುಮಾರು ೪೯ ಮೀಟರು ಉದ್ದದ ಈ ಒಂದು ಚಿತ್ರದಲ್ಲಿ ಒಂದು ಕಡೆ ೯೨ ಅಸುರರೂ ಇನ್ನೊಂದು ಕಡೆ ೮೮ ದೇವತೆಗಳೂ ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ನಡುವೆ ಶ್ರೀಮಹಾವಿಷ್ಣು, ಕೆಳಗೆ ಕೂರ್ಮ. ಕೆಳಗಿನ ಪಟ್ಟಿಕೆಯಲ್ಲಿ ಸಮುದ್ರದ ಮೀನುಗಳೂ ಮೊಸಳೆಗಳೂ ತುಂಬಿವೆ. ಕಡೆಗೋಲಿನ ಸಮೀಪಕ್ಕೆ ಬಂದ ಮೀನುಗಳು ಆ ರಭಸಕ್ಕೆ ಸಿಕ್ಕಿ ತುಂಡುತುಂಡಾಗಿವೆ. ಕವಿಗಳು ಬಿಟ್ಟುಹೋದುದನ್ನು ಶಿಲ್ಪಿಯು ನೀರನ್ನು ಕಣ್ಣಾರೆ ಕಂಡು ತುಂಬಿದ್ದಾನೆ. ಈ ಚಿತ್ರಗಳ ಕ್ರಮವು ಅಪ್ರದಕ್ಷಿಣವಾಗಿ ಸಾಗುವುದರಿಂದಲೂ, ದೇವಾಲಯವು ಪಶ್ಚಿಮಕ್ಕೆ ಮುಖಮಾಡಿರುವುದರಿಂದಲೂ, ಇದು ಆ ಅರಸನ ಸಮಾಧಿಸ್ಥಾನವೂ ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇನ್ನು ಈ ಪರ್ವತದಂಥ ಕಟ್ಟಡವು ಯಾವುದರ ಮೇಲೆ ನಿಂತಿದೆಯೆಂಬುದನ್ನು ನೋಡೋಣ. ನಮ್ಮ ಕರಾವಳಿಯ ಮನೆಗಳಿಗೆ ಬಳಸುವ ಮುರಕಲ್ಲಿನ ಜಾತಿಯ ಕಲ್ಲನ್ನು ಒಳಗಿಟ್ಟು, ಹೊರಗೆ ಮರಳುಗಲ್ಲನ್ನು ಗಾರೆಯಿಲ್ಲದೆ ಸಂದು ಕಾಣದಂತೆ ಜೋಡಿಸಿದ್ದಾರೆ. ಮರಳುಗಲ್ಲು ದೊರೆತದ್ದು ಕುಲೆನ್ ಬೆಟ್ಟದ ತಪ್ಪಲಿನಲ್ಲಿ. ಅಲ್ಲಿಂದ ಹತ್ತಾರು ಕಿಲೋಮೀಟರುಗಳ ದೂರ ಕಾಲುವೆಗಳಲ್ಲಿ ತೇಲಿಸಿ ತಂದರೆಂದು ಸಂಶೋಧಕರು ಊಹಿಸುತ್ತಾರೆ. ಆದರೆ ಆ ಬಯಲಿನಲ್ಲಿ ಕಟ್ಟಡಕ್ಕೆ ಆಧಾರವಾಗುವ ಬಂಡೆಯಿಲ್ಲ. ಇರುವುದು ಮರಳು. ಆ ಮರಳನ್ನೇ ಒತ್ತಿ, ಬಿಗಿಮಾಡಿ, ಅದರ ಮೇಲೆ ಅಷ್ಟು ಭಾರವನ್ನು ಹೇರಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಮುದ್ರತೀರದಲ್ಲಿ ಆಡುವ ಮಕ್ಕಳಿಗೆ ಅದು ಗೊತ್ತು: ಒಣಮರಳಿನಿಂದ ಗುಬ್ಬಚ್ಚಿಗೂಡೂ ನಿಲ್ಲದು, ಹದವಾಗಿ ನೆನೆದ ಮರಳು ಗಟ್ಟಿಯಾಗಿ ನಿಲ್ಲುತ್ತದೆ. ಅಂಕೋರಿನ ಸೀಮೆಯಲ್ಲಿ ವರ್ಷದ ಅರ್ಧಭಾಗ ಭಾರಿ ಮಳೆ, ಉಳಿದರ್ಧ ಮಳೆಯಿಲ್ಲದ ಬಿಸಿಲು. ನೆಲದೊಳಗಿನ ನೀರಿನ ಮಟ್ಟವು ಪ್ರತಿವರ್ಷವೂ ಏರಿ ಇಳಿಯುತ್ತಿದ್ದರೆ ಮರಳು ಒಮ್ಮೆ ಉಬ್ಬಿ ಒಮ್ಮೆ ಸರಿದು, ಮೇಲಿನ ಗಾರೆಯಿಲ್ಲದ ಕಲ್ಲುಗಳು ಒಂದೊಂದಾಗಿ ಬಾಯಿಬಿಡುವುವು. ಸುತ್ತಲಿನ ಅಗಳು ಬೇಸಿಗೆಯಲ್ಲಿಯೂ ತುಂಬಿರುವುದರಿಂದ ದೇವಾಲಯದ ಅಡಿಯ ಮರಳಿನಲ್ಲಿ ತೇವವು ಬಹುಮಟ್ಟಿಗೆ ಸಮವಾಗಿ ಉಳಿಯುತ್ತದೆ. ಪುರಾಣದ ಸಮುದ್ರವಾಗಿ ಕಾಣುವ ಅಗಳು ಅಸ್ತಿಭಾರವನ್ನು ಕಾಯುವ ಕೆಲಸವನ್ನೂ ಮಾಡುತ್ತಿದೆ.

ಈ ನೀರು ಬರುವುದೆಲ್ಲಿಂದ? ಈಶಾನ್ಯದಲ್ಲಿ ಕುಲೆನ್ ಬೆಟ್ಟ. ಅದನ್ನು ಶಾಸನಗಳು ಮಹೇಂದ್ರಪರ್ವತವೆಂದು ಕರೆಯುತ್ತವೆ. ಅಲ್ಲಿ ೮೦೨ರಲ್ಲಿ ಎರಡನೆಯ ಜಯವರ್ಮನು ಸಾರ್ವಭೌಮನಾಗಿ ಅಭಿಷಿಕ್ತನಾದನು. ಆ ಬೆಟ್ಟಸಾಲಿನ ಹೊಳೆಗಳ ಪಾತ್ರದಲ್ಲಿ ಸಾಲುಸಾಲಾಗಿ ಶಿವಲಿಂಗಗಳನ್ನೂ, ಶೇಷಶಾಯಿಯಾದ ವಿಷ್ಣುವನ್ನೂ ಕೊರೆದಿದ್ದಾರೆ. ನೀರು ಅವುಗಳ ಮೇಲೆ ಹರಿದು, ಪವಿತ್ರವಾಗಿ, ಬಯಲಿಗೆ ಇಳಿಯಬೇಕೆಂಬುದು ಅವರ ಸಂಕಲ್ಪ. ಬಯಲಿನ ನೈಋತ್ಯದಲ್ಲಿ ತೋನ್ಲೆ ಸಾಪ್ ಎಂಬ ಮಹಾಸರೋವರ. ಇದರ ನಡತೆಯು ವಿಚಿತ್ರವಾದದ್ದು. ಮಳೆಗಾಲದಲ್ಲಿ ಮೆಕಾಂಗ್ ಮಹಾನದಿಯು ಉಕ್ಕಿದಾಗ, ಸರೋವರದಿಂದ ಹೊರಡುವ ನದಿಯು ಹಿಂದಕ್ಕೆ ಹರಿದು ಸರೋವರವನ್ನೇ ತುಂಬುತ್ತದೆ; ಆಗ ಅದರ ವಿಸ್ತಾರವು ಬೇಸಿಗೆಯದಕ್ಕಿಂತ ಹಲವು ಪಟ್ಟು ಹೆಚ್ಚುತ್ತದೆ. ಮಳೆ ಹಿಂದೆಗೆದ ಮೇಲೆ ನದಿಯು ಮತ್ತೆ ಮುಂದಕ್ಕೆ ತಿರುಗುತ್ತದೆ. ಆ ಕಾಲಕ್ಕೆ ದೋಣಿಗಳ ಪಂದ್ಯವಿಟ್ಟು ಇಡೀ ದೇಶವು ಜಲೋತ್ಸವವನ್ನು ನಡೆಸುತ್ತದೆ.

ಬೆಟ್ಟಕ್ಕೂ ಸರೋವರಕ್ಕೂ ನಡುವೆ ಇಳಿಜಾರಾಗಿರುವ ಈ ನೆಲದಲ್ಲಿ ಖ್ಮೇರ್ ಅರಸರು ಕೆರೆಗಳನ್ನು ಕಟ್ಟಿಸಿದರು. ೮೭೭ರಲ್ಲಿ ಪಟ್ಟಕ್ಕೆ ಬಂದ ಇಂದ್ರವರ್ಮನು, ಇಂದಿನಿಂದ ಐದು ದಿನಗಳೊಳಗಾಗಿ ಅಗೆಯುವ ಕೆಲಸವನ್ನು ಆರಂಭಿಸುವೆನೆಂದು ಪ್ರತಿಜ್ಞೆ ಮಾಡಿದನೆಂದು ಅವನ ಶಾಸನವು ತಿಳಿಸುತ್ತದೆ. ಅವನು ಆರಂಭಿಸಿದ ಇಂದ್ರತಟಾಕದ ಉದ್ದ ಸುಮಾರು ೩.೮ ಕಿಲೋಮೀಟರು. ಅವನ ಮಗ ಯಶೋವರ್ಮನ ಯಶೋಧರತಟಾಕವು ೭.೫ ಕಿಲೋಮೀಟರು ಉದ್ದ, ೧.೮ ಕಿಲೋಮೀಟರು ಅಗಲ. ಹನ್ನೊಂದನೆಯ ಶತಮಾನದ ಪಶ್ಚಿಮತಟಾಕವು ಅದಕ್ಕಿಂತಲೂ ದೊಡ್ಡದು, ಸುಮಾರು ೮ ಕಿಲೋಮೀಟರು ಉದ್ದ. ಇಂದಿಗೂ ಅದರಲ್ಲಿ ನೀರು ನಿಲ್ಲುತ್ತದೆ. ನಮ್ಮ ಕೆರೆಗಳಂತೆ ಕಣಿವೆಗೆ ಒಂದು ಕಡೆ ಏರಿ ಹಾಕಿ ಮಾಡಿದವುಗಳಲ್ಲ ಇವು. ಸಮನೆಲದ ಮೇಲೆ ನಾಲ್ಕು ಕಡೆಗೂ ಏರಿಗಳನ್ನು ಎತ್ತಿ ನೀರನ್ನು ನೆಲಕ್ಕಿಂತ ಮೇಲೆ ನಿಲ್ಲಿಸಿದವು. ಪಶ್ಚಿಮತಟಾಕದ ನಡುಗಡ್ಡೆಯ ದೇವಾಲಯದಲ್ಲಿ ೧೯೩೬ರಲ್ಲಿ ಶೇಷಶಾಯಿ ವಿಷ್ಣುವಿನ ಬೃಹತ್ತಾದ ಕಂಚಿನ ಮೂರ್ತಿಯ ಮೇಲ್ಭಾಗವು ದೊರೆಯಿತು. ಕ್ಷೀರಸಾಗರದಲ್ಲಿ ಮಲಗಿದವನನ್ನು ಅವರು ನಿಜವಾಗಿಯೂ ನೀರಿನ ನಡುವೆಯೇ ಮಲಗಿಸಿದ್ದರು.

ಈ ಕೆರೆಕಾಲುವೆಗಳ ಬಲದಿಂದ ಅಲ್ಲಿ ಬೆಳೆದ ನಗರದ ಹರಹು ಸುಮಾರು ೧೦೦೦ ಚದರ ಕಿಲೋಮೀಟರು. ೨೦೧೨ರಲ್ಲಿ ಹೆಲಿಕಾಪ್ಟರಿನಿಂದ ಬೆಳಕಿನ ಕಿರಣಗಳನ್ನು ಕಾಡಿನ ಮೇಲೆ ಹಾಯಿಸಿ ಅಳತೆ ಮಾಡಿದಾಗ, ಮರಗಳ ಕೆಳಗೆ ಅಡಗಿದ್ದ ಬೀದಿಗಳೂ ಕುಂಟೆಗಳೂ ಮನೆಗಳ ದಿಬ್ಬಗಳೂ ಸಾಲುಸಾಲಾಗಿ ಗೋಚರಿಸಿದುವು. ಅದರ ಉಚ್ಛ್ರಾಯಕಾಲದಲ್ಲಿ ಏಳರಿಂದ ಒಂಬತ್ತು ಲಕ್ಷ ಜನರು ಅಲ್ಲಿ ವಾಸವಾಗಿದ್ದರೆಂದು ೨೦೨೧ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿದೆ.

ಅಂಥ ನಗರವು ಏಕೆ ಬರಿದಾಯಿತು? ೧೪೩೧ರಲ್ಲಿ ಅಯುಥಿಯದ ಸೈನ್ಯವು ಮುತ್ತಿ ಸೂರೆಮಾಡಿತೆಂಬುದೇ ಬಹುಕಾಲ ಹೇಳುತ್ತಿದ್ದ ಕಾರಣ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ವಿಯೆಟ್ನಾಮಿನ ಬೆಟ್ಟಗಳ ಹಳೆಯ ಮರಗಳಲ್ಲಿ ವರ್ಷಕ್ಕೊಂದರಂತೆ ಬೆಳೆದ ಉಂಗುರಗಳನ್ನು ಎಣಿಸಿ ೨೦೧೦ರಲ್ಲಿ ಸಂಶೋಧಕರು ಒಂದು ವಿಷಯವನ್ನು ಹೊರಗೆಡವಿದರು: ಹದಿನಾಲ್ಕನೆಯ ಶತಮಾನದಲ್ಲಿಯೂ ಹದಿನೈದನೆಯದರ ಆದಿಯಲ್ಲಿಯೂ ದಶಕಗಟ್ಟಲೆ ಬರಗಾಲಗಳು ಬಂದುವು, ನಡುನಡುವೆ ವಿಪರೀತವಾದ ಮಳೆಗಳೂ ಬಂದುವು. ಬರದಲ್ಲಿ ಸೊರಗಿದ ಕಾಲುವೆಗಳು ಮಹಾಪೂರವನ್ನು ತಡೆಯಲಾರದೆ ಒಡೆದುವು, ಮರಳಿನಿಂದ ಹೂತುಹೋದುವು. ಏರಿಯೊಡೆದ ಊರಿನ ಗತಿಯೇನೆಂಬುದನ್ನು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರಸರು ರಾಜಧಾನಿಯನ್ನು ದಕ್ಷಿಣಕ್ಕೆ ಒಯ್ದರು.

ಆದರೂ ಅಂಕೋರ್ ವಾಟ್ ಪಾಳುಬೀಳಲಿಲ್ಲ. ಅಷ್ಟುಹೊತ್ತಿಗೆ ಅದು ಬೌದ್ಧವಿಹಾರವಾಗಿತ್ತು. ಭಿಕ್ಷುಗಳು ಅಲ್ಲಿಯೇ ಉಳಿದರು, ದೀಪವು ಆರಲಿಲ್ಲ, ಅಗಳೂ ಬತ್ತಲಿಲ್ಲ. ೧೬೩೨ರಲ್ಲಿ ಬಂದ ಜಪಾನ್ ದೇಶದ ಯಾತ್ರಿಕನೊಬ್ಬನ ಬರಹವು ಅಲ್ಲಿಯ ಕಂಬವೊಂದರ ಮೇಲಿದೆ. ಆದ್ದರಿಂದ ೧೮೬೦ರಲ್ಲಿ ಆಂರಿ ಮುಓ ಎಂಬ ಫ್ರೆಂಚನು ಕಾಡಿನೊಳಗೆ ಈ ದೇವಾಲಯವನ್ನು ‘ಕಂಡುಹಿಡಿದನು’ ಎಂಬ ಮಾತಿಗೆ ಅರ್ಥವಿಲ್ಲ. ಪೂಜೆ ನಡೆಯುತ್ತಿದ್ದ ದೇವಾಲಯವನ್ನು ಕಂಡುಹಿಡಿಯುವುದೆಂದರೇನು? ಅವನ ಬರವಣಿಗೆಯಿಂದ ಯುರೋಪಿಗೆ ಅದರ ಸುದ್ದಿ ತಿಳಿಯಿತೆಂಬುದಷ್ಟೇ ಸತ್ಯ.

ಅಲ್ಲಿಂದ ಮುಂದೆ ರಕ್ಷಣೆಯೂ ಬಂದಿತು, ಕಳವೂ ಬಂದಿತು. ೧೯೦೮ರಲ್ಲಿ ಫ್ರೆಂಚರು ಅಂಕೋರಿನ ಸಂರಕ್ಷಣೆಗೆಂದು ಒಂದು ಕಾರ್ಯಾಲಯವನ್ನು ಸ್ಥಾಪಿಸಿದರು. ೧೯೨೩ರಲ್ಲಿ ಸಮೀಪದ ಬಾಂತೇ ಸ್ರೇ ದೇವಾಲಯದಿಂದ ಆಂದ್ರೆ ಮಾಲ್ರೋ ಎಂಬ ತರುಣ ಲೇಖಕನು ಶಿಲ್ಪಗಳನ್ನು ಕಿತ್ತು ಸಾಗಿಸುತ್ತಿದ್ದಾಗ ಸಿಕ್ಕಿಬಿದ್ದನು. ಅವನೇ ಮುಂದೆ ಫ್ರಾನ್ಸಿನ ಸಂಸ್ಕೃತಿ ಖಾತೆಯ ಮಂತ್ರಿಯಾದನು. ೧೯೭೦ರಿಂದ ಮುಂದಿನ ಯುದ್ಧಗಳ ಕಾಲದಲ್ಲಿ ಕೆಲಸವೆಲ್ಲ ನಿಂತಿತು. ಮೂರ್ತಿಗಳ ತಲೆಗಳನ್ನು ಕತ್ತರಿಸಿ ಮಾರಿದರು. ೧೯೮೬ರಿಂದ ೧೯೯೩ರವರೆಗೆ ನಮ್ಮ ದೇಶದ ಪುರಾತತ್ತ್ವ ಇಲಾಖೆಯವರು, ಅಶಾಂತಿಯು ಇನ್ನೂ ಅಡಗದಿದ್ದ ಆ ದಿನಗಳಲ್ಲಿ, ಅಂಕೋರ್ ವಾಟನ್ನು ಶುಚಿಮಾಡಿ ದುರಸ್ತುಪಡಿಸಿದರು. ಕಲ್ಲನ್ನು ತೊಳೆಯಲು ರಾಸಾಯನಿಕಗಳನ್ನು ಬಳಸಿದ್ದಕ್ಕೆ ಅನಂತರ ಆಕ್ಷೇಪಣೆಗಳು ಬಂದುವೆಂಬುದನ್ನೂ ಹೇಳುವುದು ನ್ಯಾಯ. ೧೯೯೨ರಲ್ಲಿ ಅಂಕೋರ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಪಾಯದಲ್ಲಿರುವ ಸ್ಥಾನಗಳ ಪಟ್ಟಿಯಲ್ಲಿಯೂ ಆಗಲೇ ಸೇರಿ, ೨೦೦೪ರಲ್ಲಿ ಅದರಿಂದ ಬಿಡುಗಡೆ ಹೊಂದಿತು.

ಶಿಲ್ಪವನ್ನು ಕದ್ದರೆ ಕಣ್ಣಿಗೆ ಕಾಣುತ್ತದೆ, ಕದ್ದವನನ್ನು ಹಿಡಿಯಬಹುದು. ನೀರನ್ನು ಕದ್ದರೆ ಕಾಣುವುದಿಲ್ಲ. ೧೯೯೩ರಲ್ಲಿ ಅಂಕೋರಿಗೆ ಬಂದ ಪರದೇಶದ ಪ್ರವಾಸಿಗಳು ಹತ್ತು ಸಾವಿರಕ್ಕೂ ಕಡಮೆ. ೨೦೧೮ರಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು. ಇವರಿಗೆಲ್ಲ ಇಳಿದುಕೊಳ್ಳಲು ಸಮೀಪದ ಸಿಯೆಮ್ ರೀಪ್ ಪಟ್ಟಣದಲ್ಲಿ ನೂರಾರು ವಸತಿಗೃಹಗಳು ಎದ್ದುವು. ಸ್ನಾನಕ್ಕೆ, ಬಟ್ಟೆಗೆ, ಈಜುಕೊಳಕ್ಕೆ, ತೋಟಕ್ಕೆ ನೀರು ಬೇಕು. ಪಟ್ಟಣದ ನಲ್ಲಿಯ ನೀರು ಸಾಲದೆ ಅವರಲ್ಲಿ ಬಹುಮಂದಿ ತಮ್ಮ ತಮ್ಮ ಅಂಗಳದಲ್ಲಿಯೇ ಕೊಳವೆಬಾವಿಗಳನ್ನು ಕೊರೆಸಿದರು. ಹೀಗೆ ಎತ್ತುವ ನೀರು, ದೇವಾಲಯಗಳ ಅಡಿಯ ಮರಳನ್ನು ನೆನೆಸಿ ಹಿಡಿದಿರುವ ಅದೇ ಅಂತರ್ಜಲ. ಅದರ ಮಟ್ಟವು ಕುಸಿದರೆ ದೇವಾಲಯಗಳು ಬಿರುಕುಬಿಡುವ ಭಯವುಂಟೆಂದು ತಜ್ಞರು ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದಾರೆ. ನೋಡಲು ಹೋದವನು, ತಾನು ನೋಡಬಂದುದರ ಬುಡವನ್ನೇ ಅರಿಯದೆ ಸಡಿಲಿಸುವಂತಾಗುವುದು ಎಂಥ ವಿಪರ್ಯಾಸ!

ಸಮಾಧಾನದ ಸಂಗತಿಯೂ ಇದೆ. ೧೯೯೫ರಲ್ಲಿ ಸ್ಥಾಪಿತವಾದ ಅಪ್ಸರಾ ಎಂಬ ಹೆಸರಿನ ಸರ್ಕಾರಿ ಪ್ರಾಧಿಕಾರವು ಹಳೆಯ ಕಾಲುವೆಗಳ ಹೂಳೆತ್ತಿಸಿ, ಏರಿಗಳನ್ನು ಭದ್ರಪಡಿಸಿ, ಶತಮಾನಗಳಿಂದ ಒಣಗಿದ್ದ ಜಯತಟಾಕಕ್ಕೆ ಮತ್ತೆ ನೀರು ತುಂಬಿಸಿತು. ಇದರಿಂದ ಮಳೆಗಾಲದ ಪ್ರವಾಹವೂ ತಗ್ಗುತ್ತದೆ, ಬೇಸಿಗೆಗೆ ನೆಲದೊಳಕ್ಕೆ ನೀರೂ ಇಂಗುತ್ತದೆ. ನೂತನ ಯಂತ್ರವಿದ್ಯೆಯು ತಂದ ಕಷ್ಟಕ್ಕೆ ಹಳೆಯ ಅರಸರ ಕೆರೆಯೇ ಮದ್ದಾಯಿತು.

ನಮ್ಮ ವಾಚಕರಲ್ಲಿ ಯಾರಾದರೂ ಸಕುಟುಂಬವಾಗಿ ಅಲ್ಲಿಗೆ ಹೋಗಬೇಕೆಂದಿದ್ದರೆ ನಾಲ್ಕು ಮಾತುಗಳು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆಯು ಹಿತವಾಗಿರುತ್ತದೆ. ಪ್ರವೇಶದ ಚೀಟಿಯು ಒಂದು, ಮೂರು, ಏಳು ದಿನಗಳಿಗೆ ದೊರೆಯುತ್ತದೆ. ಮೂರು ದಿನಗಳದನ್ನು ಕೊಳ್ಳುವುದು ಮೇಲು, ಏಕೆಂದರೆ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಹೊರಟವರು ಏನನ್ನೂ ನೋಡರು. ಭುಜವೂ ಮೊಣಕಾಲೂ ಮುಚ್ಚುವ ಉಡುಪಿರಬೇಕು. ಅದು ಇಂದಿಗೂ ಭಿಕ್ಷುಗಳಿರುವ ಸ್ಥಳ. ಮೇಲಿನ ಅಂತಸ್ತಿನ ಮೆಟ್ಟಿಲುಗಳು ಬಹು ಕಡಿದು. ವೃದ್ಧರೂ ಪುಟ್ಟ ಮಕ್ಕಳೂ ಕೆಳಗಿನ ಮೊಗಸಾಲೆಯಲ್ಲಿಯೇ ಉಳಿದರೆ ನಷ್ಟವಿಲ್ಲ. ಭೀಷ್ಮನೂ ವಾಸುಕಿಯೂ ಇರುವುದು ಅಲ್ಲಿಯೇ. ಉಬ್ಬುಚಿತ್ರಗಳನ್ನು ಮುಟ್ಟಬಾರದು; ಅಸಂಖ್ಯ ಕೈಗಳು ಸವರಿ ಕೆಲವೆಡೆ ಕಲ್ಲು ಈಗಾಗಲೇ ಕನ್ನಡಿಯಂತಾಗಿದೆ.

ಕಡೆಯದಾಗಿ ಮುಖ್ಯವಾದದ್ದು. ಒಂದು ಸಂಜೆಯನ್ನು ಪಶ್ಚಿಮತಟಾಕದ ಏರಿಯ ಮೇಲೆ ಕಳೆಯಿರಿ; ಅಂಕೋರ್ ವಾಟನ್ನು ಹೊಗುವ ಮೊದಲು ಅಗಳಿನ ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೀರನ್ನು ನೋಡಿ, ಅನಂತರ ಶಿಖರವನ್ನು ನೋಡಿರಿ. ವಸತಿಗೃಹದಲ್ಲಿ ಒಂದು ಬಕೆಟ್ಟಿನಿಂದ ಸ್ನಾನವಾಗುವುದಾದರೆ ತೊಟ್ಟಿ ತುಂಬಿಸಬೇಡಿರಿ. ದಿನದಿನವೂ ಹಾಸಿಗೆಯ ಬಟ್ಟೆಯನ್ನು ಒಗೆಯುವುದು ಬೇಡವೆಂದು ಹೇಳಿರಿ. ಇದು ಅತ್ಯಲ್ಪವೆಂದು ತೋರಬಹುದು. ಲಕ್ಷಾಂತರ ಜನರ ಅತ್ಯಲ್ಪವೇ ಆ ಅಂತರ್ಜಲವನ್ನು ಇಳಿಸಿತು. ಅಷ್ಟೇ ಜನರ ಅತ್ಯಲ್ಪವು ಅದನ್ನು ಉಳಿಸಲೂ ಬಲ್ಲದು. ದೇವದತ್ತಿಯನ್ನು ಅಪಹರಿಸಿದವನು ನರಕಕ್ಕೆ ಹೋಗುವನೆಂದು ನಮ್ಮ ಕನ್ನಡ ಶಾಸನಗಳ ಕೊನೆಯಲ್ಲಿ ಬರೆದಿರುತ್ತದೆ; ಖ್ಮೇರ್ ಶಾಸನಗಳಲ್ಲಿಯೂ ಅಂಥ ಶಾಪವಾಕ್ಯಗಳುಂಟು. ಅಗಳಿನ ಜಲವನ್ನೂ ಆ ದತ್ತಿಯಲ್ಲಿ ಸೇರಿದ್ದೆಂದೇ ಎಣಿಸಿ ಯಾತ್ರಿಕರು ನಡೆದುಕೊಳ್ಳಲಿ.